ಅತ್ತಿಗೆಯ ಕಿಟಕಿ ಪಿನ್ನು

ನಮ್ಮ ಅತ್ತಿಗೆ ಯಾರನ್ನೂ ನಂಬುವುದಿಲ್ಲ. ಇದನ್ನು ಚಾಡಿಯಾಗಿ ಹೇಳುತ್ತಿಲ್ಲ. ಅವರ ಎದುರಿಗೇ ಹತ್ತಾರು ಸಲ ಹೇಳಿದ್ದೇನೆ, ಅವರೂ ಇಲ್ಲವೆಂದಿಲ್ಲ. ಸ್ಟವ್ ಆರಿಸಿ ಬಂದ ಮೇಲೆ ಇನ್ನೊಮ್ಮೆ ಹೋಗಿ ಮುಟ್ಟಿ ನೋಡುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಅತ್ತಿಗೆ ಮುಟ್ಟಿ ನೋಡಿ ಬಂದ ಮೇಲೆ ಅಣ್ಣನನ್ನು ಕಳಿಸುತ್ತಾರೆ. ಅವನು ನಿಜವಾಗಿ ಅಡುಗೆಮನೆಯ ಒಳಗೆ ಹೋದನೋ, ಬಾಗಿಲಿಂದಲೇ ವಾಪಸ್ಸಾದನೋ ಎಂದು ಚಪ್ಪಲಿಯ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ಅಣ್ಣನಿಗೆ ಒಂದು ಔಷಧಿ ಅಂಗಡಿ ಇದೆ. ಇಪ್ಪತ್ತೆರಡು ವರ್ಷ ಇವರ ಜೊತೆ ಸಂಸಾರ ಮಾಡಿದ ಅವನು ಈಗ ಅಂಗಡಿಯಲ್ಲೂ ಮಾತ್ರೆಯ ಹೆಸರನ್ನು ಎರಡೆರಡು ಸಲ ಗಟ್ಟಿಯಾಗಿ ಓದಿಯೇ ಕೊಡುತ್ತಾನೆ. ಗಿರಾಕಿಗಳಿಗೆ ಅದರಿಂದ ಒಳ್ಳೆಯದೇ ಆಗಿದೆ.

ಈ ಗುಣ ಮದುವೆಯ ನಂತರ ಬಂದದ್ದಲ್ಲ. ಶಾಲೆಯಲ್ಲಿದ್ದಾಗ ಲೆಕ್ಕದ ಪಿರಿಯಡ್ ಮಾತ್ರ ಉದ್ದವಾಗಿರುತ್ತದೆ ಎಂದು ಎಲ್ಲ ಮಕ್ಕಳಿಗೂ ಅನ್ನಿಸುತ್ತಿತ್ತಂತೆ. ಅತ್ತಿಗೆಗೆ ಅನ್ನಿಸಿ ಸುಮ್ಮನಾಗಲು ಆಗಲಿಲ್ಲ. ಅಪ್ಪನ ಕೈಗಡಿಯಾರ ಕಟ್ಟಿಕೊಂಡು ಹೋಗಿ, ಒಂದು ವಾರ ಪ್ರತಿ ಗಂಟೆಯನ್ನೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು, ಗಂಟೆ ಬಾರಿಸುವ ಜವಾನ ಆ ಪಿರಿಯಡ್ಡಿನಲ್ಲಿ ದಿನಾ ನಾಲ್ಕು ನಿಮಿಷ ನಿದ್ದೆ ಹೋಗುತ್ತಾನೆಂದು ಸಾಬೀತು ಮಾಡಿ ಮುಖ್ಯೋಪಾಧ್ಯಾಯಿನಿಯ ಮುಂದಿಟ್ಟರು. ಜವಾನ ಬೈಸಿಕೊಂಡ. ಇಡೀ ಶಾಲೆಯಲ್ಲಿ ಯಾರೂ ಅತ್ತಿಗೆಯನ್ನು ಹೊಗಳಲಿಲ್ಲ, ಪಕ್ಕದಲ್ಲಿ ಕೂರುತ್ತಿದ್ದವಳೂ ಬೆಂಚು ಬದಲಿಸಿದಳಂತೆ.

ಮದುವೆಯ ಮಾತುಕತೆಯ ಸಮಯದಲ್ಲಿ ಅಣ್ಣನನ್ನು ಮೂರು ವಾರಗಳಲ್ಲಿ ಮೂರು ಸಲ ಭೇಟಿಯಾಗಿ, ಮೂರು ಸಲವೂ ಒಂದೇ ಪ್ರಶ್ನೆ ಕೇಳಿದರು: "ನಿಮಗೆ ಸಿಟ್ಟು ಬರುತ್ತಾ?" ಅಣ್ಣ ಮೂರು ಸಲವೂ "ಬರುತ್ತೆ, ಆದ್ರೆ ಎಲ್ಲಿಡ್ಬೇಕು ಅಂತ ಗೊತ್ತಾಗಲ್ಲ" ಅಂದ. ಅತ್ತಿಗೆ ಮನೆಗೆ ಹೋಗಿ ಅವರಮ್ಮನಿಗೆ, "ಉತ್ತರ ಅಲ್ಲಾಡ್ತಿಲ್ಲ, ಆಗಬಹುದು" ಎಂದು ತಿಳಿಸಿದರು. ನಮ್ಮ ಮನೆಗೆ ಸೊಸೆ ಬಂದದ್ದು ಹೀಗೆ.

ಇವರ ಕೆಲಸವೂ ಇವರ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಎಲೆಕ್ಟ್ರಾನಿಕ್ ಚಿಪ್ಪುಗಳ ಒಳಗಿನ ಮಿಡಿತವನ್ನು ಹದದಲ್ಲಿಡುವ ಸರ್ಕ್ಯೂಟುಗಳನ್ನು ಅತ್ತಿಗೆ ವಿನ್ಯಾಸ ಮಾಡುತ್ತಾರೆ. ಚಿಪ್ಪಿನ ಹೊರಗೆ ಒಂದು ಹರಳು ಇರುತ್ತದೆ. ಅದರ ಮಿಡಿತ ನಿಧಾನ, ಆದರೆ ನಿಯತ್ತಿನದು. ಒಳಗೆ ಒಂದು ಆಸಿಲೇಟರ್ ಇರುತ್ತದೆ. ಅದು ನೂರಾರು ಪಟ್ಟು ವೇಗವಾಗಿ ಮಿಡಿಯುತ್ತದೆ, ಆದರೆ ಬುದ್ಧಿ ಚಂಚಲ. ಬಿಸಿಯಾದರೆ ಒಂದು ಓಟ, ಬ್ಯಾಟರಿ ಇಳಿದರೆ ಇನ್ನೊಂದು ಓಟ. ಇವೆರಡನ್ನೂ ಪ್ರತಿ ಹೆಜ್ಜೆಗೂ ಹೋಲಿಸಿ, ಒಳಗಿನದು ಮುಂದೋಡಿದರೆ ಹಿಂದಕ್ಕೂ ಹಿಂದೆ ಬಿದ್ದರೆ ಮುಂದಕ್ಕೂ ಎಳೆಯುವ ಸರ್ಕ್ಯೂಟಿಗೆ ಫೇಸ್ ಲಾಕ್ಡ್ ಲೂಪ್ ಎಂದು ಹೆಸರು. ನಾವು ಬರಿ ಲೂಪ್ ಎನ್ನುತ್ತೇವೆ. ಎರಡೂ ಹೆಜ್ಜೆ ಸೇರಿಸಿ ನಡೆಯತೊಡಗಿದರೆ ಲಾಕ್ ಆಯಿತು ಎನ್ನುತ್ತೇವೆ. ಆಫೀಸಿನಲ್ಲಿ ಅತ್ತಿಗೆಗೆ ಬೆನ್ನ ಹಿಂದೆ ಲಾಕಮ್ಮ ಎಂದು ಹೆಸರಿಟ್ಟಿದ್ದಾರೆ. ಇಟ್ಟವರು ಯಾರೆಂದು ಅತ್ತಿಗೆಗೆ ನನ್ನ ಮೇಲೆಯೇ ಅನುಮಾನ, ಮತ್ತು ಈ ಒಂದು ವಿಷಯದಲ್ಲಿ ಅವರ ಅನುಮಾನ ಸರಿ.

ಕಷ್ಟವೆಲ್ಲ ಆ ಎಳೆಯುವುದರಲ್ಲಿದೆ. ಸೈಕಲ್ ಕಲಿಯುವವರು ಗಾಬರಿಯಲ್ಲಿ ಹ್ಯಾಂಡಲನ್ನು ಎಡಕ್ಕೆ ಜಗ್ಗಿ, ಹೆಚ್ಚಾಯಿತೆಂದು ಬಲಕ್ಕೆ ಜಗ್ಗಿ, ಕೊನೆಗೆ ಚರಂಡಿ ಸೇರುತ್ತಾರಲ್ಲ, ಆತುರದ ಲೂಪಿನ ಗತಿಯೂ ಅದೇ. ಹಾಗಾಗದಿರಲು ತಿದ್ದುಪಡಿಯನ್ನೆಲ್ಲ ಒಂದು ಕೆಪಾಸಿಟರಿನಲ್ಲಿ ಕೂಡಿಟ್ಟು ನಿಧಾನವಾಗಿ ಕೊಡಬೇಕು. ಕೆಪಾಸಿಟರ್ ಎಂದರೆ ವಿದ್ಯುತ್ತು ತುಂಬಿಡುವ ಕೊಡ ಎಂದುಕೊಳ್ಳಿ. ಕೊಡ ದೊಡ್ಡದಾದಷ್ಟೂ ತುಳುಕುವುದು ಕಡಿಮೆ. ಆದರೆ ಚಿಪ್ಪಿನಲ್ಲಿ ಅಷ್ಟು ದೊಡ್ಡ ಕೊಡಕ್ಕೆ ಜಾಗ ಕೊಡುವವರು ಯಾರು? ಜೊತೆಗೆ, ಕಡಿಮೆ ಬ್ಯಾಟರಿಯಲ್ಲಿ ನಡೆಸಿ ಎಂದರೆ ಎಳೆಯುವ ಕೈಗೂ ಬಲ ಇರುವುದಿಲ್ಲ. ಕಡಿಮೆ ಜಾಗ, ಕಡಿಮೆ ಬಲ, ಆದರೂ ಅಲ್ಲಾಡಬಾರದು ಎಂಬ ಈ ತಕ್ಕಡಿಯಲ್ಲಿ ಅತ್ತಿಗೆ ಇಪ್ಪತ್ತು ವರ್ಷ ಕಳೆದಿದ್ದಾರೆ.

ನನ್ನ ಕೆಲಸ ಅದೇ ಆಫೀಸಿನ ಲ್ಯಾಬಿನಲ್ಲಿ. ಬಂದ ಚಿಪ್ಪುಗಳನ್ನು ಬೋರ್ಡಿಗೆ ಕೂರಿಸಿ ಅಳೆಯುವವನು ನಾನು. ನನ್ನ ಸಂದರ್ಶನದ ದಿನ ಅತ್ತಿಗೆ, "ಇವನು ನನ್ನ ಮೈದುನ, ನಾನು ಈ ರೂಮಲ್ಲಿರಲ್ಲ" ಎಂದು ಎದ್ದು ಹೊರಗೆ ಹೋದರು. ನಾನು ಸೇರಿದ ಮೇಲೆ ಆರು ತಿಂಗಳು ನನ್ನ ಅಳತೆಗಳನ್ನೆಲ್ಲ ಬೇರೆಯವರಿಂದ ಮತ್ತೆ ಅಳೆಸಿದರು. ಏಳನೆಯ ತಿಂಗಳು, ಒಂದು ಮಾತೂ ಹೇಳದೆ, ಅಳೆಸುವುದನ್ನು ನಿಲ್ಲಿಸಿದರು. ಅಂದು ನಾನು ಪಟ್ಟ ಸಂತೋಷ ನನ್ನ ಬಡ್ತಿಯ ದಿನವೂ ಪಟ್ಟಿಲ್ಲ. ಆಮೇಲೆ ಹನ್ನೊಂದು ವರ್ಷ ನಾನು ಬರೆದದ್ದೇ ಅವರ ಚಿಪ್ಪುಗಳ ಅಳತೆ. ಬೇರೆಯವರು "ಅತ್ತಿಗೆ ಮಾಡೋದು, ಮೈದುನ ಪಾಸ್ ಮಾಡೋದು, ಚೆನ್ನಾಗಿದೆ ಮನೆ ವ್ಯವಹಾರ" ಎಂದು ಊಟದ ಮೇಜಿನಲ್ಲಿ ಕಿಚಾಯಿಸುತ್ತಿದ್ದರು. ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಅತ್ತಿಗೆ ಮಾಡುವ ಪ್ರತಿ ಚಿಪ್ಪಿನಲ್ಲೂ ಒಂದು ಹೆಚ್ಚಿನ ಪಿನ್ನು ಇರುತ್ತದೆ. ಆ ಕೆಪಾಸಿಟರಿನ ಬಾಯಿಂದ ಒಂದು ತಂತಿಯನ್ನು ನೇರ ಹೊರಗೆ ತರಿಸಿರುತ್ತಾರೆ. ಒಳಗೆ ಏನಾಗುತ್ತಿದೆ ಎಂದು ಅಲ್ಲಿ, ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸ್ಕೋಪಿನ ಕಡ್ಡಿ ಇಟ್ಟು ನೋಡಬಹುದು. ಅದನ್ನು ಕಿಟಕಿ ಎನ್ನುತ್ತಾರೆ. ಗಿರಾಕಿಗೆ ಹೋಗುವ ಚಿಪ್ಪಿನಲ್ಲಿ ಕಿಟಕಿ ಇರುವುದಿಲ್ಲ, ಲ್ಯಾಬಿಗೆ ಬರುವ ಮಾದರಿಗಳಲ್ಲಿ ಮಾತ್ರ. ಒಂದು ಪಿನ್ನಿಗಾಗಿ ಮ್ಯಾನೇಜರ್ ಜೊತೆ ಪ್ರತಿ ಸಲ ಜಟಾಪಟಿ. "ಹೊರಗೆ ಬರೋ ಮಿಡಿತ ಸರಿ ಇದ್ರೆ ಸಾಲ್ದಾ?" ಎನ್ನುತ್ತಾರೆ ಅವರು. "ಹೊರಗೆ ನಗ್ತಾ ಇರೋರೆಲ್ಲ ಒಳಗೆ ಚೆನ್ನಾಗಿರ್ತಾರಾ?" ಎನ್ನುತ್ತಾರೆ ಅತ್ತಿಗೆ. ಕಿಟಕಿ ಉಳಿಯುತ್ತದೆ.

ಎರಡು ವರ್ಷದ ಹಿಂದೆ ಬಂದದ್ದು ಕಿವಿಯಂತ್ರದ ಚಿಪ್ಪು. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಆ ಯಂತ್ರಕ್ಕೆ ಅಂಗಿಯ ಗುಂಡಿಯಷ್ಟು ಬ್ಯಾಟರಿ. ಅದು ವಾರಗಟ್ಟಲೆ ಬಾಳಬೇಕು. ಅದಕ್ಕೆ ಯಂತ್ರ ಸದ್ದಿಲ್ಲದಾಗ ಮಲಗುತ್ತದೆ, ಯಾರಾದರೂ ಮಾತಾಡಿದ ತಕ್ಷಣ ಏಳುತ್ತದೆ. ಎದ್ದ ಕೂಡಲೇ ಲೂಪು ಲಾಕ್ ಆಗಬೇಕು. ಆಗದೆ ತುಯ್ದಾಡಿದರೆ ಪ್ರತಿ ಮಾತಿನ ಮೊದಲಿಗೂ ಕಿವಿಯಲ್ಲಿ ಕೊಂಯ್ ಎಂಬ ಸದ್ದು. ಹಳೆಯ ಲೂಪು ತಿನ್ನುತ್ತಿದ್ದ ವಿದ್ಯುತ್ತಿನ ಕಾಲು ಭಾಗದಲ್ಲಿ ಇದನ್ನು ನಡೆಸಬೇಕೆಂದು ಗಿರಾಕಿ ಕೇಳಿದ್ದ. ಅತ್ತಿಗೆ ಹತ್ತು ತಿಂಗಳು ತಲೆ ಕೆಡಿಸಿಕೊಂಡರು. ಎಳೆಯುವ ಕೈಯ ಬಲ ಇಳಿಸಿದರು, ಅದಕ್ಕೆ ತಕ್ಕಂತೆ ಕೊಡವನ್ನೂ ಕಾಲು ಭಾಗಕ್ಕೆ ಇಳಿಸಿದರು. ಆ ವರ್ಷ ಅವರ ತಲೆಯಲ್ಲಿ ಬಿಳಿ ಕೂದಲು ಒಮ್ಮೆಲೇ ಕಾಣಿಸಿಕೊಂಡಿತು.

ನಲವತ್ತು ಮಾದರಿಗಳು ಬಂದವು. ನಾನು ಹಸಿರು ಬೋರ್ಡುಗಳ ಮೇಲೆ ಬೆಸುಗೆ ಹಾಕಿ, ಮೈಯ ವಿದ್ಯುತ್ತು ಚಿಪ್ಪಿಗೆ ತಾಗದಂತೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಮೂರು ದಿನ ಅಳೆದೆ. ಮಲಗಿಸುವುದು, ಎಬ್ಬಿಸುವುದು, ಕಿಟಕಿ ಪಿನ್ನಿನಲ್ಲಿ ನೋಡುವುದು. ಗೆರೆ ಮೇಲೇರಿ, ನಿಲ್ಲಬೇಕಾದ ಮಟ್ಟ ದಾಟಿ ಒಂದಿಷ್ಟೂ ಹಾರದೆ, ತಣ್ಣಗೆ ನಿಲ್ಲುತ್ತಿತ್ತು. ನಲವತ್ತಕ್ಕೆ ನಲವತ್ತೂ. ಮ್ಯಾನೇಜರ್ ಲ್ಯಾಬಿಗೆ ಬಂದು ನನ್ನ ಬೆನ್ನು ತಟ್ಟಿದರು, ನಾನೇ ಚಿಪ್ಪು ಮಾಡಿದವನ ಹಾಗೆ.

ಅತ್ತಿಗೆ ನನ್ನ ಹಾಳೆಗಳನ್ನು ತಂದು ನಿಂತೇ ಓದಿದರು. ಮುಖದಲ್ಲಿ ಖುಷಿ ಇರಲಿಲ್ಲ.

"ಇದು ನನ್ನ ಲೆಕ್ಕಕ್ಕಿಂತ ಚೆನ್ನಾಗಿದೆ" ಅಂದರು.

"ಒಳ್ಳೇದಲ್ವಾ?"

"ಲಾಕ್ ಆಗೋಕೆ ನಾನು ಅರವತ್ತು ಮೈಕ್ರೋಸೆಕೆಂಡ್ ಅಂತ ಲೆಕ್ಕ ಹಾಕಿದ್ದೆ, ಸ್ವಲ್ಪ ಹಾರುತ್ತೆ ಅಂತಾನೂ ಬರೆದಿದ್ದೆ. ಇಲ್ಲಿ ನಲವತ್ತೈದಿದೆ, ಹಾರೋದೇ ಇಲ್ಲ. ನಾನು ಮಾಡಿದ ಚಿಪ್ಪು ನನಗಿಂತ ಬುದ್ಧಿವಂತ ಆಗಿದ್ದು ಹೇಗೆ?"

ನಾನು ನಕ್ಕೆ. ಅವರು ನಗಲಿಲ್ಲ. ದನಿ ತಗ್ಗಿಸಿ, "ಆವರೇಜಿಂಗ್ ಆನ್ ಇತ್ತಾ?" ಎಂದು ಕೇಳಿದರು.

ಹೊರಗಿನವರಿಗೆ ಇದು ಬರಿ ಪ್ರಶ್ನೆಯಂತೆ ಕಾಣಬಹುದು. ಸ್ಕೋಪಿನಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಅದು ನೂರು ಸಲ ಅಳೆದು ಸರಾಸರಿ ತೋರಿಸುತ್ತದೆ. ಎಂಥ ಗಡಗಡ ನಡುಗುವ ಗೆರೆಯೂ ಆಗ ಮಗುವಿನ ಕೆನ್ನೆಯಂತೆ ನುಣ್ಣಗೆ ಕಾಣುತ್ತದೆ. ಲೂಪಿನ ತುಳುಕಾಟ ಅಳೆಯುವಾಗ ಅದನ್ನು ಒತ್ತುವವನು ಒಂದೋ ದಡ್ಡ, ಇಲ್ಲ ಕಳ್ಳ. ಹನ್ನೊಂದು ವರ್ಷದ ಮೇಲೆ ನನಗೆ ಆ ಪ್ರಶ್ನೆ ಕೇಳಿದ್ದರು.

"ನಾನು ದಡ್ಡ ಅಂತ ಕೇಳ್ತಿದೀರಾ, ನಿಮಗೋಸ್ಕರ ಸುಳ್ಳು ಬರೆದೆ ಅಂತ ಕೇಳ್ತಿದೀರಾ?"

"ಆನ್ ಇತ್ತಾ ಇಲ್ವಾ ಅಂತ ಕೇಳ್ದೆ."

"ಇರ್ಲಿಲ್ಲ."

ಅವರು ತಲೆಯಾಡಿಸಿ ಹೋದರು. ಅರ್ಧ ಗಂಟೆಗೆಲ್ಲ ವಾಪಸ್ಸು ಬಂದು, ನನ್ನ ಬೆಂಚಿನಿಂದ ನಲವತ್ತು ಬೋರ್ಡುಗಳ ಟ್ರೇಯನ್ನು ತಾವೇ ಎತ್ತಿಕೊಂಡು, ಆರು ಜನರ ಎದುರಿಗೆ ಅದನ್ನು ಐದ್ಗಂಟೆಯ ಬೆಂಚಿನ ಮೇಲಿಟ್ಟರು. ಐದ್ಗಂಟೆ ಎಂದರೆ ಲ್ಯಾಬಿನ ಇನ್ನೊಬ್ಬ ಟೆಸ್ಟರ್. ಗಡಿಯಾರ ಐದು ಹೊಡೆದರೆ ಕಡ್ಡಿಯನ್ನು ಪಿನ್ನಿನ ಮೇಲೆಯೇ ಬಿಟ್ಟು ಹೊರಡುವ ಆಸಾಮಿ. ಆರು ಜನವೂ ತಮ್ಮ ತಮ್ಮ ಪರದೆಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು.

ನಾವು ಒಂದೇ ಕಟ್ಟಡದಲ್ಲಿ ಇರುವುದು, ಅವರು ಮೇಲಿನ ಮಹಡಿ, ನಾನು ಕೆಳಗಿನದು. ಅವತ್ತಿನಿಂದ ನಾನು ಮೆಟ್ಟಿಲು ಹತ್ತುವುದನ್ನು ಬಿಟ್ಟೆ. ಅಣ್ಣ ಅಂಗಡಿ ಮುಚ್ಚಿ ಬರುವಾಗ ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದ. "ಅವಳು ನನ್ನನ್ನೂ ನಂಬಲ್ಲ ಕಣೋ, ನಾನೇನು ಮನೆ ಬಿಟ್ಟು ಹೋದೆನಾ?" ಎಂದ. "ನಿನ್ನನ್ನ ಆರು ಜನದ ಎದುರಿಗೆ ಸ್ಟವ್ ಹತ್ರ ಕಳಿಸಲ್ವಲ್ಲ" ಎಂದೆ. ಹೆಂಡತಿಗೂ ತಮ್ಮನಿಗೂ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಆ ಬಡಪಾಯಿ ಎರಡು ವಾರ ಮೆಟ್ಟಿಲ ಮೇಲೆಯೇ ಸಂಸಾರ ಮಾಡಿದ.

ಐದ್ಗಂಟೆಯ ಅಳತೆಗಳು ಬಂದವು. ನನ್ನವೇ. ಎರಡು ಸ್ಕೋಪುಗಳೂ ಒಂದೇ ಕಂಪನಿಯವು ಎಂದು ಅತ್ತಿಗೆಗೆ ಅನುಮಾನ ಬಂತು, ಬೇರೆ ಕಂಪನಿಯ ಸ್ಕೋಪು ಬಾಡಿಗೆಗೆ ತರಿಸಿದರು. ಅದೂ ಅದೇ ಹೇಳಿತು. ಆಮೇಲೆ ಚಿಪ್ಪಿನ ನಕ್ಷೆ ಬಿಡಿಸಿದವನನ್ನು ಕೂರಿಸಿಕೊಂಡು, ತಮಗೆ ಹೇಳದೆ ಕೆಪಾಸಿಟರ್ ದೊಡ್ಡದು ಮಾಡಿದ್ದೀಯಾ ಎಂದು ವಿಚಾರಣೆ ನಡೆಸಿದರು. ಅವನು ಪಾಪ, ಒಂದೊಂದು ಚೌಕವನ್ನೂ ಎಣಿಸಿ ತೋರಿಸಿದ. ಅನುಮಾನ ಪಡಲು ಇನ್ನು ಯಾರೂ ಉಳಿದಿರಲಿಲ್ಲ. ಬರುವ ಸೋಮವಾರ ಸಹಿ ಹಾಕುವುದಾಗಿ ಮ್ಯಾನೇಜರಿಗೆ ಹೇಳಿದರು. ಅವರ ಸಹಿ ಬಿದ್ದರೆ ಚಿಪ್ಪು ಲಕ್ಷದ ಲೆಕ್ಕದಲ್ಲಿ ಅಚ್ಚಾಗಲು ಹೋಗುತ್ತದೆ. ನನಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಕ್ಷಮಿಸು ಅನ್ನದಿದ್ದರೆ ಹೋಗಲಿ, ನಿನ್ನದು ಸರಿ ಇತ್ತು ಅನ್ನಬಹುದಿತ್ತು. ಕಾರಿಡಾರಿನಲ್ಲಿ ಎದುರಾದಾಗ ಇಬ್ಬರೂ ಗೋಡೆಯ ಮೇಲಿನ ನೋಟೀಸು ಓದುತ್ತಾ ದಾಟಿಹೋಗುತ್ತಿದ್ದೆವು.

ಶುಕ್ರವಾರ ಬೆಳಿಗ್ಗೆ ಗಿರಾಕಿಗೆ ಹೋಗುವ ರೂಪದ ಚಿಪ್ಪುಗಳು ಬಂದವು. ಕಿಟಕಿ ಇಲ್ಲದವು, ತೊಗರಿಕಾಳಿನಷ್ಟು ಗಾತ್ರದವು. "ಒಂದು ಹತ್ತು ತೆಗೆದು ಆನ್ ಮಾಡಿ ನೋಡು, ಜೀವ ಇದ್ರೆ ಸಾಕು" ಎಂದರು ಮ್ಯಾನೇಜರ್. ಸಾಕೆಟ್ಟಿನಲ್ಲಿಟ್ಟು ಆನ್ ಮಾಡಿದೆ. ಒಳಗೆ ಇಣುಕಲು ಕಿಟಕಿ ಇಲ್ಲವಾದ್ದರಿಂದ ಹೊರಗೆ ಬರುವ ಮಿಡಿತವನ್ನೇ ಪರದೆಗೆ ಹಾಕಿದೆ. ಮಲಗಿಸಿ ಎಬ್ಬಿಸಿದೆ. ಗೆರೆ ನಿಲ್ಲಲಿಲ್ಲ. ಅತ್ತಿತ್ತ ಓಲಾಡಿ, ನಿಂತಂತೆ ಮಾಡಿ, ಮತ್ತೆ ಓಲಾಡಿತು.

ಮೊದಲು ಸಾಕೆಟ್ಟನ್ನು ಅನುಮಾನಿಸಿದೆ, ಬದಲಿಸಿದೆ. ಕೇಬಲ್ಲನ್ನು ಅನುಮಾನಿಸಿದೆ. ಬ್ಯಾಟರಿಯನ್ನು, ನೆಲಕ್ಕೆ ಹಾಸಿದ ರಬ್ಬರನ್ನು, ಕೊನೆಗೆ ನನ್ನ ಕಣ್ಣನ್ನು. ಹತ್ತಕ್ಕೆ ಹತ್ತೂ ಓಲಾಡುತ್ತಿದ್ದವು, ಬ್ಯಾಟರಿ ಇಳಿಸಿದರೆ ಇನ್ನೂ ಹೆಚ್ಚು. ಅದೇ ಚಿಪ್ಪು, ಅದೇ ಅಚ್ಚು. ವ್ಯತ್ಯಾಸ ಕಿಟಕಿ ಒಂದೇ. ಐದ್ಗಂಟೆಯ ಟ್ರೇಯಿಂದ ಒಂದು ಹಸಿರು ಬೋರ್ಡು ತಂದು, ಕಿಟಕಿ ಪಿನ್ನಿನಿಂದ ಹೊರಡುವ ತಾಮ್ರದ ಗೆರೆಯನ್ನು ಬುಡದಲ್ಲೇ ಬ್ಲೇಡಿನಿಂದ ಕೊಯ್ದೆ. ಎರಡು ವಾರದಿಂದ ತಣ್ಣಗೆ ನಿಂತಿದ್ದ ಆ ಚಿಪ್ಪೂ ಓಲಾಡತೊಡಗಿತು. ಒಂದು ಹನಿ ಬೆಸುಗೆ ಹಾಕಿ ಗೆರೆ ಕೂಡಿಸಿದೆ. ನಿಂತಿತು.

ಅರ್ಥವಾಯಿತು. ಪಿನ್ನು, ಅದರ ಮುಂದಿನ ತಾಮ್ರದ ಗೆರೆ, ಅದರ ತುದಿಗೆ ನಾವಿಡುವ ಕಡ್ಡಿ, ಇವೆಲ್ಲಕ್ಕೂ ತಮ್ಮದೇ ಒಂದಿಷ್ಟು ಕೆಪಾಸಿಟರ್ ಗುಣ ಇರುತ್ತದೆ. ನೋಡಲೆಂದು ಇಟ್ಟ ಕಿಟಕಿಯೇ ಒಳಗಿನ ಪುಟ್ಟ ಕೊಡಕ್ಕೆ ಹೊರಗಿನಿಂದ ಇನ್ನೊಂದು ಕೊಡ ಜೋಡಿಸಿತ್ತು. ಒಳಗಿನ ಕೊಡ ಬ್ಯಾಟರಿ ಇಳಿದಂತೆ ಕುಗ್ಗಿ ಲೆಕ್ಕಕ್ಕಿಂತ ಚಿಕ್ಕದಾಗಿತ್ತು. ಹೊರಗಿನದು ಆ ಕೊರತೆಯನ್ನು ಮುಚ್ಚಿ, ಮೇಲಿಷ್ಟು ಕೊಟ್ಟು, ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿತ್ತು.

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಖುಷಿಯಾಯಿತು. ಊರನ್ನೆಲ್ಲ ಅನುಮಾನಿಸಿದವರು ತಮ್ಮ ಪಿನ್ನನ್ನೇ ಅನುಮಾನಿಸಿರಲಿಲ್ಲ. ಆ ಖುಷಿ ಎರಡು ನಿಮಿಷ ಇದ್ದಿರಬಹುದು. ಆಮೇಲೆ ಯೋಚನೆ ಹತ್ತಿತು. ಇದನ್ನು ಹೋಗಿ ಹೇಳಿದರೆ ಅತ್ತಿಗೆ ಏನೆಂದುಕೊಳ್ಳುತ್ತಾರೆ? ಚಿಪ್ಪು ಚೆನ್ನಾಗಿದೆ ಎಂದಾಗ ಮನೆಯವನೆಂದು ಸುಳ್ಳು ಬರೆದ, ಚೆನ್ನಾಗಿಲ್ಲ ಎಂದಾಗ ಸಿಟ್ಟಿಗೆ ಸೇಡು ತೀರಿಸಿಕೊಂಡ. ಬ್ಲೇಡು ಹಾಕಿದ ಬೋರ್ಡು ಬೇರೆ ನನ್ನ ಕೈಯಲ್ಲೇ ಇತ್ತು. ಹೇಳದಿದ್ದರೆ ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಜೀವ ಇದ್ದರೆ ಸಾಕು ಎಂದಿದ್ದರು, ಜೀವ ಇತ್ತು. ಸಹಿ ಅತ್ತಿಗೆಯದು. ಆರು ತಿಂಗಳ ಮೇಲೆ ಎಲ್ಲೋ ಕಿವಿ ಮಂದವಾದ ಯಾರಿಗೋ ಮೊಮ್ಮಗಳು ಮಾತಾಡಿಸಿದಾಗಲೆಲ್ಲ ಕೊಂಯ್ ಎನ್ನುತ್ತಿತ್ತು, ಅವರು ಯಂತ್ರ ತೆಗೆದು ಡ್ರಾಯರಿಗೆ ಹಾಕುತ್ತಿದ್ದರು. ನನ್ನ ಮೇಲೆ ಆಗ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಆದರೆ ಹಾಗೆ ಸುಮ್ಮನಿದ್ದರೆ ಅತ್ತಿಗೆ ಆ ದಿನ ದನಿ ತಗ್ಗಿಸಿ ಕೇಳಿದ ಪ್ರಶ್ನೆಗೆ ನಾನು ಹೌದು ಎಂದ ಹಾಗೆ. ಎದ್ದು ಹೋದೆ.

ಅತ್ತಿಗೆ ತಮ್ಮ ಜಾಗದಲ್ಲಿ ಸಹಿಯ ಕಾಗದಗಳನ್ನೇ ಓದುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವಾಗ ಗೊತ್ತಾಯ್ತು?"

"ಈಗ."

"ಜೊತೆಗೆ ಯಾರಿದ್ರು?"

"ಯಾರೂ ಇರ್ಲಿಲ್ಲ."

"ಬೋರ್ಡ್ ಕೊಯ್ದಿದ್ದು?"

"ನಾನೇ."

"ನಿನಗೆ ನನ್ನ ಮೇಲೆ ಸಿಟ್ಟಿದೆ."

"ಇದೆ. ಸಣ್ಣ ಸಿಟ್ಟಲ್ಲ, ಬೇಕಾದಷ್ಟಿದೆ."

"ಹಾಗಾದ್ರೆ ನಿನ್ನ ಮಾತು ನಾನ್ಯಾಕೆ ನಂಬ್ಲಿ?"

"ನಂಬ್ಬೇಡಿ. ಬಂದು ನೀವೇ ಅಳೀರಿ."

ಡಿಸೈನಿನವರು ಲ್ಯಾಬಿನಲ್ಲಿ ಕಡ್ಡಿ ಹಿಡಿಯುವುದು ನಮ್ಮಲ್ಲಿ ರೂಢಿಯಿಲ್ಲ. ಲೆಕ್ಕ ಹಾಕುವವರು ಬೇರೆ, ಅಳೆಯುವವರು ಬೇರೆ. ಅತ್ತಿಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತರು, ಪಟ್ಟಿ ಕಟ್ಟಿಕೊಂಡರು. ನಾನು ಕೊಯ್ದ ಬೋರ್ಡನ್ನು ಪಕ್ಕಕ್ಕೆ ಸರಿಸಿ, ಟ್ರೇಯ ತಳದಿಂದ ತಾವೇ ಒಂದನ್ನು ಆರಿಸಿ, ತಾವೇ ಕೊಯ್ದರು. ಬ್ಲೇಡು ಹಿಡಿಯಲು ಬಾರದೆ ಬೆರಳಿಗೂ ಸ್ವಲ್ಪ ತಾಗಿಸಿಕೊಂಡರು. ಆವರೇಜಿಂಗ್ ಗುಂಡಿಯನ್ನು ನೋಡಿದರು, ಆಫ್ ಇತ್ತು. ಚಿಪ್ಪನ್ನು ಎಬ್ಬಿಸಿದರು. ಗೆರೆ ಓಲಾಡಿತು. ಇನ್ನೊಂದು ಕಡ್ಡಿಯನ್ನು ತಂದು ಪಿನ್ನಿನ ಬುಡಕ್ಕೆ ಮುಟ್ಟಿಸಿದರು. ಗೆರೆ ನಿಂತಿತು. ಎತ್ತಿದರು, ಓಲಾಡಿತು. ಮುಟ್ಟಿಸಿದರು, ನಿಂತಿತು. ಎಂಟು ಸಲವೋ ಒಂಬತ್ತು ಸಲವೋ ಮಾಡಿದರು. ಆಮೇಲೆ ಕಡ್ಡಿಯನ್ನು ಮೇಜಿನ ಮೇಲಿಟ್ಟರು.

"ಹಳೇ ಚಿಪ್ಪುಗಳಲ್ಲೂ ಇದೇ ಪಿನ್ ಇತ್ತಲ್ಲ" ಎಂದೆ. ಅವರ ಮುಖ ನೋಡಿ ನನಗೇ ಏನೋ ಹೇಳಬೇಕೆನಿಸಿತ್ತು.

"ಅಲ್ಲಿ ಕೆಪಾಸಿಟರ್ ದೊಡ್ಡದಿತ್ತು. ಇದು ಸೇರಿದ್ರೂ ಗೊತ್ತಾಗ್ತಿರ್ಲಿಲ್ಲ. ಈ ಸಲ ಎಲ್ಲಾನೂ ಕಾಲು ಭಾಗ ಮಾಡ್ದೆ, ಪಿನ್ನನ್ನ ಕಾಲು ಭಾಗ ಮಾಡೋಕಾಗುತ್ತಾ?" ಎಂದರು. ಮಣಿಕಟ್ಟಿನ ಪಟ್ಟಿ ಬಿಚ್ಚುತ್ತಾ, "ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ ನಾನು. ನೋಡೋಕೆ ತಾನೇ ಅಂತ ಬಿಟ್ಟೆ" ಎಂದರು. ಅವರ ದನಿ ಒಡೆದಿತ್ತು. ಇಪ್ಪತ್ತು ವರ್ಷದಲ್ಲಿ ಅವರನ್ನು ನಾನು ಹಾಗೆ ನೋಡಿರಲಿಲ್ಲ. ನನ್ನ ಖುಷಿ ಎಲ್ಲಿ ಹೋಯಿತೋ, ನಾಚಿಕೆಯಾಯಿತು.

ಸೋಮವಾರ ಮೀಟಿಂಗಿನಲ್ಲಿ ಅತ್ತಿಗೆ ಎದ್ದು ನಿಂತು, ಚಿಪ್ಪು ಹೋಗುವಂತಿಲ್ಲ, ತಪ್ಪು ನನ್ನದು, ಪಿನ್ನು ನನ್ನದು ಎಂದು ಮೂರೇ ಮಾತಿನಲ್ಲಿ ಮುಗಿಸಿದರು. ಮ್ಯಾನೇಜರ್ ಮುಖ ಸುಟ್ಟ ಬದನೆಕಾಯಿಯಾಯಿತು. ಗಿರಾಕಿ ಕೂಗಾಡಿದ. ತಿದ್ದಿದ ಚಿಪ್ಪು ಬರಲು ಐದು ತಿಂಗಳು ಬೇಕಿತ್ತು. ಆ ಐದು ತಿಂಗಳಲ್ಲಿ ಲೂಪ್ ತಂಡದ ಮುಖ್ಯಸ್ಥೆಯ ಜಾಗವನ್ನು ಅತ್ತಿಗೆಯಿಂದ ಕಿತ್ತು ಅವರೇ ಕೆಲಸ ಕಲಿಸಿದ ಹೆಂಗಸೊಬ್ಬರಿಗೆ ಕೊಟ್ಟರು. ಅತ್ತಿಗೆ ಅದಕ್ಕೆ ಕಮಕ್ ಕಿಮಕ್ ಅನ್ನಲಿಲ್ಲ. ತಾವು ಕಲಿಸಿದವರ ಮುಂದೆ ಕೂತು ತಮ್ಮ ಲೆಕ್ಕ ಒಪ್ಪಿಸಿದರು.

ಆ ಸೋಮವಾರ ಸಂಜೆ ಅತ್ತಿಗೆ ಮೆಟ್ಟಿಲಿಳಿದು ನನ್ನ ಬಾಗಿಲಿಗೆ ಬಂದಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ನಿನ್ನ ಅಳತೆ ಸರಿ ಇತ್ತು. ಎರಡು ಸಲಾನೂ" ಎಂದರು. "ಗೊತ್ತು" ಎಂದೆ. ಅಷ್ಟೇ. ನಾನು ಕಾದಿದ್ದ ಮಾತು ಅದಲ್ಲ. ಆರು ಜನರ ಎದುರಿಗೆ ತೆಗೆದ ಮರ್ಯಾದೆಯನ್ನು ಬಾಗಿಲ ಸಂದಿಯಲ್ಲಿ ವಾಪಸ್ಸು ಕೊಟ್ಟರೆ ಆಯಿತೇ ಎಂದು ಅವರು ಹೋದ ಮೇಲೆ ಗೋಡೆಯ ಜೊತೆ ಜಗಳವಾಡಿದೆ. ಅಣ್ಣ ಮಾತ್ರ ಅಂದಿನಿಂದ ನೆಮ್ಮದಿಯಾಗಿ ಮೇಲೆ ಕೆಳಗೆ ಓಡಾಡಿದ. ನಾನೂ ಮೆಟ್ಟಿಲು ಹತ್ತತೊಡಗಿದೆ, ಆದರೆ ಮೊದಲಿನ ಸಲಿಗೆ ಬರಲಿಲ್ಲ. ಅವರು ಏನಾದರೂ ಕೇಳಿದರೆ, ಕೇಳುತ್ತಿರುವುದು ಯಾಕೆ ಎಂದು ನಾನೂ ಯೋಚಿಸುವಂತಾಯಿತು. ಆ ಕಾಯಿಲೆ ನನಗೂ ಅಂಟಿತ್ತು.

ತಿದ್ದಿದ ಚಿಪ್ಪು ಬಂತು. ಈ ಸಲ ಅತ್ತಿಗೆ ಒಳಗಿನ ಕೊಡವನ್ನು ಸ್ವಲ್ಪ ಹಿಗ್ಗಿಸಿ, ಕಿಟಕಿಯ ಮುಂದೆ ಒಂದು ಸಣ್ಣ ಸ್ವಿಚ್ ಇಟ್ಟಿದ್ದರು, ನೋಡದಿದ್ದಾಗ ಅದು ಮುಚ್ಚಿರುತ್ತದೆ. ನಲವತ್ತನ್ನೂ ಕಿಟಕಿ ಮುಚ್ಚಿ ಅಳೆದೆ, ತೆರೆದು ಅಳೆದೆ, ಗಿರಾಕಿಯ ರೂಪದ ನಲವತ್ತನ್ನು ಬೇರೆ ಅಳೆದೆ. ಅರವತ್ತೆರಡು ಮೈಕ್ರೋಸೆಕೆಂಡ್, ಸ್ವಲ್ಪ ಹಾರುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ಅತ್ತಿಗೆಯ ಲೆಕ್ಕ ಹೇಳಿದ ಹಾಗೆಯೇ.

ಮೀಟಿಂಗಿನಲ್ಲಿ ಎಲ್ಲರೂ ಇದ್ದರು. ಅಂದಿನ ಆರು ಜನವೂ, ಐದ್ಗಂಟೆಯೂ, ತಂಡದ ಹೊಸ ಮುಖ್ಯಸ್ಥೆಯೂ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡಿದ್ದ ಮ್ಯಾನೇಜರ್ ನನ್ನ ಹಾಳೆಗಳನ್ನು ತಿರುವಿ, ಗಂಟಲು ಸರಿಮಾಡಿಕೊಂಡು, "ತಪ್ಪು ತಿಳ್ಕೋಬೇಡಿ. ಡಿಸೈನೂ ಅಳತೆನೂ ಒಂದೇ ಮನೇದು. ಈ ಸಲ ಹೊರಗಿನ ಲ್ಯಾಬಲ್ಲಿ ಇನ್ನೊಮ್ಮೆ ಅಳೆಸಿದ ಮೇಲೆ ಸಹಿ ಹಾಕೋಣ" ಎಂದರು.

ನಾನು ತಲೆ ತಗ್ಗಿಸಿದೆ. ಇದಕ್ಕೆ ಮೊದಲು ಹೂಂ ಅನ್ನುವವರು ಅತ್ತಿಗೆಯೇ ಎಂದು ನನಗೆ ಖಾತ್ರಿಯಿತ್ತು.

"ಬೇಡ" ಎಂದರು ಅತ್ತಿಗೆ. "ಹೋದ ಸಲ ನನ್ನ ಚಿಪ್ಪು ಕೆಟ್ಟಿದೆ ಅಂತ ನನ್ನ ಮುಖಕ್ಕೆ ಬಂದು ಹೇಳಿದ್ದು ಇವನೊಬ್ಬನೇ. ಇದೇ ಲ್ಯಾಬಲ್ಲಿ, ನಿಮ್ಮೆಲ್ಲರ ಮುಂದೆ ನಾನು ಇವನನ್ನ ಕಳ್ಳನ ಥರ ನೋಡಿದ್ದೆ, ಆಮೇಲೂ ಬಂದು ಹೇಳ್ದ. ಇವನು ಅಳೆದಿದ್ದಾನಲ್ಲ, ನನಗೆ ಸಾಕು." ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡು, ಒಂದನ್ನೂ ತಿರುವಿ ನೋಡದೆ, ಕೊನೆಯ ಪುಟದಲ್ಲಿ ಡಿಸೈನ್ ಮಾಡಿದವರು ಎಂದಿದ್ದ ಕಡೆ ಸಹಿ ಹಾಕಿದರು.

ನನ್ನ ಕಣ್ಣು ತುಂಬಿ ಬಂತು. ಐದ್ಗಂಟೆಯ ಕಡೆ ತಿರುಗಿ ಕೆಮ್ಮಿದಂತೆ ಮಾಡಿದೆ. ಎಲ್ಲರೂ ಊಟಕ್ಕೆ ಎದ್ದರು. ನಾನು ಹೋಗಲಿಲ್ಲ. ನನ್ನ ಹಾಳೆಯನ್ನು ತಿರುವಿಯೂ ನೋಡದೆ ಅತ್ತಿಗೆ ಸಹಿ ಹಾಕಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು, ಇನ್ನು ಎಲ್ಲಿ ತಪ್ಪಿದ್ದರೂ ಹೊಣೆ ನನ್ನೊಬ್ಬನದು. ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡು, ಪಟ್ಟಿ ಕಟ್ಟಿಕೊಂಡು, ಎಂಬತ್ತು ಚಿಪ್ಪುಗಳನ್ನೂ ಮೊದಲಿನಿಂದ ಮತ್ತೆ ಅಳೆಯತೊಡಗಿದೆ, ಮುಗಿಯುವಾಗ ಮೂರನೆಯ ದಿನವಾಗಿತ್ತು. ಎಲ್ಲವೂ ಸರಿಯಾಗಿದ್ದವು. ಈ ವಿಷಯವನ್ನು ಅತ್ತಿಗೆಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ, ಮತ್ತೆ ಯಾಕೆ ಅಳೆದೆ ಎಂದು ಅವರಿಗೆ ಅನುಮಾನ ಬರುತ್ತದೆ.